ಓದುಗರ ಪ್ರಶ್ನೆ: ಅಣ್ಣನಿಗೆ ತಮ್ಮನ ಅಂಗಿ

ಪುಸ್ತಕಗಳು ಸಿನಿಮಾ ಆಗುವ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸರಣಿಯ ಬೆನ್ನು ಹತ್ತಿವೆ: ಜೆ. ಆರ್. ಆರ್. ಟೋಲ್ಕಿನ್ ಬರೆದ ಪುಸ್ತಕದಿಂದ ಪೀಟರ್ ಜಾಕ್ಸನ್ ತೆಗೆದ ‘ದಿ ಹಾಬಿಟ್’. ಹಾಗಾಗಿ ಈ ಸಲ ಉಳಿದದ್ದೆಲ್ಲ ಬದಿಗೆ, ಅದೊಂದೇ.

ಓದದವರಿಗೆ, ನೋಡದವರಿಗೆ ಕಥೆ ಇಷ್ಟು. ಬಿಲ್ಬೋ ಬ್ಯಾಗಿನ್ಸ್ ಐವತ್ತು ವರ್ಷದ ಒಬ್ಬ ಹಾಬಿಟ್. ಹಾಬಿಟ್‌ಗಳು ಅಂದರೆ ನಮ್ಮ ಸೊಂಟದೆತ್ತರದ, ಹೊತ್ತುಹೊತ್ತಿಗೆ ಊಟ ತಿಂಡಿ ಬೇಕಾದ, ಮನೆ ಬಿಟ್ಟು ಕದಲದ ಜನ. ಅಂಥವನ ಮನೆಗೆ ಗ್ಯಾಂಡಾಲ್ಫ್ ಅನ್ನುವ ಮಾಂತ್ರಿಕ ಒಂದು ಸಂಜೆ ಹದಿಮೂರು ಕುಳ್ಳರನ್ನು ನುಗ್ಗಿಸುತ್ತಾನೆ. ಅವರ ಬೆಟ್ಟವನ್ನೂ ಚಿನ್ನವನ್ನೂ ಒಂದು ಡ್ರ್ಯಾಗನ್ ಕಿತ್ತುಕೊಂಡು ಕೂತಿದೆ. ಅದನ್ನು ವಾಪಸ್ ಪಡೆಯೋಕೆ ಅವರಿಗೆ ಒಬ್ಬ ಕಳ್ಳ ಬೇಕು. ಬಿಲ್ಬೋನೇ ಆ ಕಳ್ಳ.

*

ಪ್ರಶ್ನೆ: ಮುನ್ನೂರು ಪುಟದ ಮಕ್ಕಳ ಪುಸ್ತಕಕ್ಕೆ ಮೂರು ಸಿನಿಮಾ ಯಾಕೆ ಬೇಕಿತ್ತು? ಬರೀ ದುಡ್ಡಿಗೆ ಅಲ್ವಾ? (ಮೈಸೂರಿನಿಂದ ಒಬ್ಬರು ನಿವೃತ್ತ ಮೇಷ್ಟ್ರು)

ದುಡ್ಡು ಇದ್ದೇ ಇದೆ ಸರ್. ಮೂರೂ ಭಾಗ ಸೇರಿ ಸುಮಾರು 290 ಕೋಟಿ ಡಾಲರ್ ಬಾಚಿದವು. ಆದರೆ ‘ಬರೀ’ ಅಂದರೆ ಪೂರ್ತಿ ಸರಿಯಾಗಲ್ಲ. 2011ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶೂಟಿಂಗ್ ಶುರುವಾದಾಗ ಲೆಕ್ಕ ಇದ್ದದ್ದು ಎರಡೇ ಸಿನಿಮಾಕ್ಕೆ. ಮುಖ್ಯ ಶೂಟಿಂಗ್ ಮುಗಿದು, ಮೊದಲ ಭಾಗ ತೆರೆಗೆ ಬರೋಕೆ ಐದು ತಿಂಗಳೂ ಇಲ್ಲ ಅನ್ನುವಾಗ, 2012ರ ಜುಲೈ 30ರಂದು ಇದು ಮೂರು ಭಾಗ ಅಂತ ಹೇಳಿದರು. ಎರಡಕ್ಕೆ ಅಂತ ತೆಗೆದದ್ದನ್ನು ಮೂರು ಮಾಡಿ, ಬೇಕಾದ ತುಂಡುಗಳನ್ನು 2013ರಲ್ಲಿ ಮತ್ತೆ ಶೂಟ್ ಮಾಡಿ ಸೇರಿಸಿದರು.

ಅದರ ಪರಿಣಾಮ ನೋಡಿ. ಪುಸ್ತಕದಲ್ಲಿ ಹತ್ತೊಂಬತ್ತು ಅಧ್ಯಾಯ. ಮೊದಲ ಸಿನಿಮಾ 169 ನಿಮಿಷ, ಅದರಲ್ಲಿ ಬಂದದ್ದು ಮೊದಲ ಆರು ಅಧ್ಯಾಯ. ಪರವಾಗಿಲ್ಲ, ತುಂಬಿದ ಅಧ್ಯಾಯಗಳು. ಕೊನೆಯ ಸಿನಿಮಾಕ್ಕೆ ಸಿಕ್ಕಿದ್ದೂ ಆರೇ, ಅವು ಗಿಡ್ಡ ಅಧ್ಯಾಯಗಳು, ಡ್ರ್ಯಾಗನ್ ಸಾಯುವುದು ಅವುಗಳ ಮೊದಲನೆಯದರಲ್ಲೇ. ಆಮೇಲೆ ಉಳಿಯುವುದು ಐದು ಸೇನೆಗಳ ಯುದ್ಧ. ಪುಸ್ತಕದಲ್ಲಿ ಆ ಯುದ್ಧ ಕೆಲವೇ ಪುಟ. ಬಿಲ್ಬೋ ತನ್ನ ಮಾಯದ ಉಂಗುರ ಹಾಕಿಕೊಂಡು ಮಾಯವಾಗಿ ಒಂದು ಕಡೆ ನಿಂತಿರುತ್ತಾನೆ, ತಲೆಗೆ ಕಲ್ಲು ಬಿದ್ದು ಎಚ್ಚರ ತಪ್ಪುತ್ತಾನೆ, ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸಿನಿಮಾದಲ್ಲಿ ಅದೇ ಯುದ್ಧ ಮುಕ್ಕಾಲು ಗಂಟೆ. ಕಥೆಯ ನಾಯಕನಿಗೆ ಕೆಲಸವೇ ಇಲ್ಲದ ಮುಕ್ಕಾಲು ಗಂಟೆ.

*

ಪ್ರಶ್ನೆ: ತಾಳಮದ್ದಳೆಯಲ್ಲಿ ಭಾಗವತರು ನಾಲ್ಕು ಸಾಲಿನ ಪದ್ಯ ಹೇಳಿದರೆ ಅರ್ಥಧಾರಿ ಅದರ ಮೇಲೆ ಅರ್ಧ ಗಂಟೆ ಮಾತಾಡುತ್ತಾರೆ. ನಾವು ಯಾರೂ ಎಳೆದರು ಅನ್ನೋದಿಲ್ಲ. ಹಿಗ್ಗಿಸುವುದೇ ತಪ್ಪು ಅಂತೀರಾ? (ಹೊನ್ನಾವರದಿಂದ)

ಖಂಡಿತ ಇಲ್ಲ. ಈ ವಾರದ ಒಳ್ಳೆ ಪ್ರಶ್ನೆ ಇದೇ. ಒಳ್ಳೆ ಅರ್ಥಧಾರಿ ಹಿಗ್ಗಿಸುವುದು ಪಾತ್ರದ ಒಳಗಿಂದ. ಕರ್ಣ ಆ ಹೊತ್ತಿನಲ್ಲಿ ಏನು ಯೋಚಿಸುತ್ತಿದ್ದ, ಕೃಷ್ಣನಿಗೆ ಯಾಕೆ ಹಾಗೆ ಉತ್ತರ ಕೊಟ್ಟ, ಅದೆಲ್ಲ ಪದ್ಯದಲ್ಲಿ ಇರೋದಿಲ್ಲ, ಆದರೆ ಪದ್ಯಕ್ಕೆ ಒಪ್ಪುತ್ತದೆ. ಜಾಕ್ಸನ್ ಕೂಡ ಅಂಥ ಕಡೆ ಹಿಗ್ಗಿಸಿದ್ದಾರೆ. ಮೊದಲ ಭಾಗದಲ್ಲಿ ಕುಳ್ಳರು ಬಿಲ್ಬೋನ ಮನೆಗೆ ಬಂದು ಅವನ ಉಗ್ರಾಣ ಖಾಲಿ ಮಾಡುವ ಸಂಜೆ ತುಂಬಾ ಹೊತ್ತು ನಡೆಯುತ್ತದೆ. ಬೋರ್ ಅಂದವರು ತುಂಬಾ ಜನ. ನನಗೆ ಇಷ್ಟ. ತಟ್ಟೆಗಳನ್ನು ಎಸೆದಾಡುತ್ತಾರೆ, ಬಿಲ್ಬೋ ಒಪ್ಪಂದದ ಕಾಗದ ಓದುತ್ತಾ ಡ್ರ್ಯಾಗನ್ ಸುಟ್ಟರೆ ಏನಾಗುತ್ತದೆ ಅಂತ ಕೇಳಿ ದೊಪ್ಪನೆ ಬೀಳುತ್ತಾನೆ, ಆಮೇಲೆ ಬೆಂಕಿಯ ಮುಂದೆ ಕಳೆದುಹೋದ ಊರಿನ ಹಾಡು. ಆ ಹಾಡು ಮುಗಿಯುವಾಗ ಈ ಜನ ಯಾಕೆ ಹೊರಟಿದ್ದಾರೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಬಗೆಯ ಹಿಗ್ಗಿಸುವಿಕೆ ಎರಡನೇ ಭಾಗದ ಪೀಪಾಯಿ ದೃಶ್ಯ. ಪುಸ್ತಕದಲ್ಲಿ ಬಿಲ್ಬೋ ಕುಳ್ಳರನ್ನು ಪೀಪಾಯಿಗಳಲ್ಲಿ ಹುಲ್ಲು ತುಂಬಿ, ಮುಚ್ಚಳ ಹಾಕಿ, ನದಿಗೆ ಬಿಡುತ್ತಾನೆ. ಎಲ್ಲರನ್ನೂ ಪ್ಯಾಕ್ ಮಾಡಿದ ಮೇಲೆ ತನ್ನನ್ನು ಪ್ಯಾಕ್ ಮಾಡೋಕೆ ಯಾರೂ ಇಲ್ಲ ಅಂತ ಹೊಳೆಯುತ್ತದೆ. ಒಂದು ಪೀಪಾಯಿಗೆ ತಬ್ಬಿಕೊಂಡು ರಾತ್ರಿಯಿಡೀ ತಣ್ಣೀರಲ್ಲಿ ತೇಲುತ್ತಾನೆ. ಊರು ಸೇರಿದಾಗ ಎಂಥ ನೆಗಡಿ ಅಂದರೆ ಮೂರು ದಿನ ಸೀನು ಕೆಮ್ಮು, ಔತಣದಲ್ಲಿ ಥ್ಯಾಂಕ್ಸ್ ಹೇಳೋಕೂ ಮೂಗು ಬಿಡುವುದಿಲ್ಲ. ಸಿನಿಮಾದಲ್ಲಿ ಪೀಪಾಯಿಗಳಿಗೆ ಮುಚ್ಚಳವಿಲ್ಲ. ದಡದಿಂದ ಓರ್ಕ್ ಅನ್ನುವ ರಾಕ್ಷಸರು ಬಾಣ ಬಿಡುತ್ತಾರೆ, ಎಲ್ಫ್ ಅನ್ನುವ ಕಾಡಿನ ಜನರಲ್ಲಿ ಒಬ್ಬ ಕುಳ್ಳರ ತಲೆ ಮೇಲೆ ಕಾಲಿಟ್ಟು ಬಿಲ್ಲು ಹೂಡುತ್ತಾನೆ, ಒಂದು ಪೀಪಾಯಿ ಪುಟಿದು ಪುಟಿದು ಹತ್ತಾರು ಜನರನ್ನು ಉರುಳಿಸುತ್ತದೆ. ಮಜಾ ಇದೆ, ಸುಳ್ಳು ಹೇಳಲ್ಲ. ಆದರೆ ಅಷ್ಟೆಲ್ಲ ಆದ ಮೇಲೂ ಆ ಜನರ ಬಗ್ಗೆ ಒಂದು ಹೊಸ ವಿಷಯ ತಿಳಿಯೋದಿಲ್ಲ.

*

ಪ್ರಶ್ನೆ: ನಾನು ಮೊದಲು ‘ಲಾರ್ಡ್ ಆಫ್ ದಿ ರಿಂಗ್ಸ್’ ನೋಡಿದ್ದು. ಹಾಬಿಟ್ ಅದರ ಪ್ರೀಕ್ವೆಲ್, ಅಂದರೆ ಅದಕ್ಕೂ ಹಿಂದಿನ ಕಥೆ ಅಂತ ಗೆಳೆಯ ಹೇಳಿದ. ಇನ್ನೊಬ್ಬ, ಇಲ್ಲ ಅದೇ ಮೊದಲ ಪುಸ್ತಕ ಅಂತಾನೆ. ಯಾವುದು ನಿಜ? (ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ)

ಇಬ್ಬರೂ ಸರಿ. ಇಡೀ ಗಲಾಟೆಯ ಬೇರು ಇಲ್ಲೇ ಇರೋದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆಕ್ಸ್‌ಫರ್ಡ್‌ನಲ್ಲಿ ಹಳೆ ಇಂಗ್ಲಿಷ್ ಪಾಠ ಮಾಡುತ್ತಿದ್ದ ಜೆ. ಆರ್. ಆರ್. ಟೋಲ್ಕಿನ್ ತಮ್ಮ ಮಕ್ಕಳಿಗೆ ಹೇಳುತ್ತಿದ್ದ ಕಥೆ ಇದು. ಲಂಡನ್ನಿನ ಪ್ರಕಾಶಕ ಸ್ಟಾನ್ಲಿ ಅನ್ವಿನ್ ಹಸ್ತಪ್ರತಿಯನ್ನು ತಮ್ಮ ಹತ್ತು ವರ್ಷದ ಮಗ ರೇನರ್ ಕೈಗೆ ಕೊಟ್ಟರು. ಓದಿ ಅಭಿಪ್ರಾಯ ಬರೆದರೆ ಒಂದು ಶಿಲ್ಲಿಂಗ್. ಹುಡುಗ ಚೆನ್ನಾಗಿದೆ ಅಂತ ಬರೆದ. 1937ರ ಸೆಪ್ಟೆಂಬರ್ 21ಕ್ಕೆ ಪುಸ್ತಕ ಬಂತು, ಮೊದಲ ಮುದ್ರಣ 1,500 ಪ್ರತಿ. ಆಗ ಆ ಉಂಗುರ ಬರೀ ಒಂದು ಮಾಯದ ಉಂಗುರ. ಹಾಕಿಕೊಂಡರೆ ಕಾಣೋದಿಲ್ಲ, ಕಳ್ಳನಿಗೆ ಅನುಕೂಲ, ಅಷ್ಟೇ. ಅದರ ಹಿಂದೆ ಕತ್ತಲ ದೊರೆಯೂ ಇಲ್ಲ, ಲೋಕ ಮುಳುಗುವ ಭಯವೂ ಇಲ್ಲ.

ಪುಸ್ತಕ ಓಡಿತು. ಹಾಬಿಟ್‌ಗಳ ಬಗ್ಗೆ ಇನ್ನೂ ಕೊಡಿ ಅಂತ ಪ್ರಕಾಶಕರು ಕೇಳಿದರು. ಟೋಲ್ಕಿನ್ ಅದೇ ವರ್ಷದ ಕೊನೆಗೆ ಶುರು ಮಾಡಿದರು. ಆದರೆ ಬರೀತಾ ಬರೀತಾ ಅದು ಕೈಮೀರಿ ಬೆಳೆದು, 1954 ಮತ್ತು 55ರಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಅಂತ ಮೂರು ಸಂಪುಟವಾಗಿ ಹೊರಬಂತು. ಅಷ್ಟರಲ್ಲಿ ಆ ಚಿಕ್ಕ ಉಂಗುರ ಲೋಕದ ಎಲ್ಲ ಕೇಡಿನ ಮೂಲವಾಗಿತ್ತು.

ಈಗ ಸಮಸ್ಯೆ ಬಂತು. 1937ರ ಪುಸ್ತಕದಲ್ಲಿ ಗುಹೆಯೊಳಗೆ ಬಿಲ್ಬೋ ಮತ್ತು ಅಲ್ಲೇ ಕತ್ತಲಲ್ಲಿ ಬದುಕುವ ಗೊಲ್ಲಮ್ ಅನ್ನುವ ಜೀವಿ ಒಗಟಿನ ಪಂದ್ಯ ಆಡುತ್ತಾರೆ. ಆ ಮೊದಲ ರೂಪದಲ್ಲಿ ಗೊಲ್ಲಮ್ ಪಣಕ್ಕೆ ಇಡುವುದೇ ಉಂಗುರವನ್ನು. ಸೋತ ಮೇಲೆ ಹುಡುಕುತ್ತಾನೆ, ಸಿಗೋದಿಲ್ಲ, ಯಾಕೆಂದರೆ ಅದು ಆಗಲೇ ಬಿಲ್ಬೋನ ಜೇಬಿನಲ್ಲಿದೆ. ಪಾಪ, ಕ್ಷಮಿಸು ಅಂತ ಮತ್ತೆ ಮತ್ತೆ ಕೇಳಿ, ಬದಲಿಗೆ ಹೊರಗೆ ಹೋಗುವ ದಾರಿ ತೋರಿಸುತ್ತಾನೆ. ಐನೂರು ವರ್ಷ ಉಂಗುರಕ್ಕೆ ಗುಲಾಮನಾದವನು ಹೀಗೆ ಸಲೀಸಾಗಿ ಅದನ್ನು ಪಣಕ್ಕಿಡುತ್ತಾನಾ? ಆಗಲ್ಲ. ಹಾಗಾಗಿ 1951ರ ಎರಡನೇ ಆವೃತ್ತಿಯಲ್ಲಿ ಟೋಲ್ಕಿನ್ ಆ ಅಧ್ಯಾಯವನ್ನು ತಿದ್ದಿ ಬರೆದರು. ಹೊಸದರಲ್ಲಿ ಪಣ ಬೇರೆ: ಬಿಲ್ಬೋ ಗೆದ್ದರೆ ದಾರಿ ತೋರಿಸಬೇಕು, ಸೋತರೆ ಗೊಲ್ಲಮ್‌ಗೆ ಊಟ. ಉಂಗುರ ಕಳೆದದ್ದು ಗೊತ್ತಾದಾಗ ಗೊಲ್ಲಮ್ ಹುಚ್ಚನಾಗುತ್ತಾನೆ.

ಹಾಗಾದರೆ ಹಳೆ ಪ್ರತಿ ಓದಿದವರ ಗತಿ? ಇಲ್ಲಿದೆ ನೋಡಿ ಟೋಲ್ಕಿನ್ ಮೇಷ್ಟ್ರ ಜಾಣತನ. ಆ ಹಳೆ ಕಥೆ ಬಿಲ್ಬೋ ಹೇಳಿದ ಸುಳ್ಳು ಅಂದುಬಿಟ್ಟರು! ಉಂಗುರ ನ್ಯಾಯವಾಗಿ ತನ್ನದೇ ಅಂತ ಸಾಧಿಸೋಕೆ ಅವನು ಹಾಗೆ ಬರೆದಿಟ್ಟಿದ್ದ, ಅಂಥ ಪ್ರಾಮಾಣಿಕ ಜೀವಿಯೂ ಸುಳ್ಳು ಹೇಳುವ ಹಾಗೆ ಮಾಡಿದ್ದು ಅದೇ ಉಂಗುರ. ಹಳೆ ಮುದ್ರಣವೇ ಹೊಸ ಕಥೆಗೆ ಸಾಕ್ಷಿಯಾಯಿತು.

ಬರೆದ ಲೆಕ್ಕದಲ್ಲಿ ಹಾಬಿಟ್ ಅಣ್ಣ. ಆದರೆ ಸಿನಿಮಾದಲ್ಲಿ ಮೊದಲು ಬಂದದ್ದು ತಮ್ಮ: 2001, 2002, 2003, ಕೊನೆಯ ಭಾಗಕ್ಕೇ ಹನ್ನೊಂದು ಆಸ್ಕರ್. ಜನ ಟಿಕೆಟ್ ತಗೊಂಡಿದ್ದು ಆ ಗಾತ್ರ, ಆ ಗಾಂಭೀರ್ಯ, ಆ ಯುದ್ಧಗಳಿಗೆ. ಆಳೆತ್ತರ ಬೆಳೆದ ತಮ್ಮನ ಅಂಗಿಯನ್ನು ಗಿಡ್ಡ ಅಣ್ಣನಿಗೆ ತೊಡಿಸಿದರು. ತೋಳು ಮಡಚಿ ಮಡಚಿ ಸಾಕಾಯಿತು.

*

ಪ್ರಶ್ನೆ: ಟೋಲ್ಕಿನ್ ಬದುಕಿದ್ದರೆ ಈ ಸಿನಿಮಾ ಒಪ್ಪುತ್ತಿದ್ದರಾ? (ತುಮಕೂರು)

ಹೋದವರ ಪರವಾಗಿ ನಾನು ಹೇಗೆ ಸಹಿ ಹಾಕಲಿ? ಆದರೆ ಒಂದು ವಿಷಯ ಇದೆ. ಜಾಕ್ಸನ್ ಮಾಡಿದ ಕೆಲಸವನ್ನೇ ಟೋಲ್ಕಿನ್ ಒಮ್ಮೆ ಮಾಡಲು ಹೊರಟಿದ್ದರು. 1960ರಲ್ಲಿ ಇಡೀ ಹಾಬಿಟ್ ಅನ್ನು ದೊಡ್ಡ ಪುಸ್ತಕದ ಧಾಟಿಗೆ ಹೊಂದಿಸಿ ಹೊಸದಾಗಿ ಬರೆಯೋಣ ಅಂತ ಕೂತರು. ದಾರಿಯ ದೂರ, ದಿನಗಳ ಲೆಕ್ಕ, ಊರುಗಳ ಹೆಸರು ಎಲ್ಲ ತಾಳೆ ಹಾಕಿದರು. ಮಕ್ಕಳ ಜತೆ ಹರಟುವ ನಿರೂಪಕನನ್ನು ಸುಮ್ಮನಾಗಿಸಿದರು. ಮೊದಲ ಒಂದೆರಡು ಅಧ್ಯಾಯ ದಾಟುವಷ್ಟರಲ್ಲಿ ಒಬ್ಬ ಸ್ನೇಹಿತರಿಗೆ ತೋರಿಸಿದರಂತೆ. ಚೆನ್ನಾಗಿದೆ, ಆದರೆ ಇದು ಹಾಬಿಟ್ ಅಲ್ಲ ಅನ್ನುವ ಅಭಿಪ್ರಾಯ ಬಂತು. ಅಲ್ಲಿಗೇ ಬಿಟ್ಟರು. ಆ ಕರಡು ಅಚ್ಚಾಗಿದ್ದು ಅವರು ತೀರಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ, 2007ರಲ್ಲಿ.

ಮೂಲ ಬರೆದವರೇ ಕೈಬಿಟ್ಟ ಕೆಲಸ ಇದು. ನನಗೆ ಈ ಸಿನಿಮಾಗಳ ಬಗ್ಗೆ ಇರುವ ತಕರಾರು ಇಷ್ಟೇ. ಉದ್ದ ಅಲ್ಲ, ಗ್ರಾಫಿಕ್ಸ್ ಅಲ್ಲ. ಇನ್ನೊಂದು ಕಥೆಗೆ ಮುನ್ನುಡಿಯಾಗುವ ಭಾರವನ್ನು ಈ ಕಥೆಯ ತಲೆ ಮೇಲೆ ಹೊರಿಸಿದ್ದು.

*

ಪ್ರಶ್ನೆ: ಲೆಗೊಲಾಸ್, ಟೌರಿಯಲ್ ಪುಸ್ತಕದಲ್ಲಿ ಇದ್ದಾರಾ? ನನ್ನ ತಂಗಿ ಇದ್ದಾರೆ ಅಂತ ಪಂದ್ಯ ಕಟ್ಟಿದ್ದಾಳೆ. (ಹಾಸನ)

ಸಿನಿಮಾದ ಆ ಎಲ್ಫ್‌ಗಳು ಇಬ್ಬರೂ ಪುಸ್ತಕದಲ್ಲಿ ಇಲ್ಲ. ತಂಗಿಯಿಂದ ಪಂದ್ಯದ ದುಡ್ಡು ವಸೂಲಿ ಮಾಡಿ. ಆದರೆ ಲೆಗೊಲಾಸ್ ಬಂದದ್ದು ತೀರಾ ಅನ್ಯಾಯ ಅಲ್ಲ. ಪುಸ್ತಕದಲ್ಲಿ ಹೆಸರಿಲ್ಲದ ಒಬ್ಬ ಎಲ್ಫ್ ರಾಜ ಇದ್ದಾನೆ. ಅವನ ಮಗನೇ ಲೆಗೊಲಾಸ್ ಅಂತ ಆಮೇಲಿನ ಪುಸ್ತಕ ಹೇಳುತ್ತದೆ. ಅಪ್ಪನ ಅರಮನೆಯಲ್ಲಿ ಮಗ ಇದ್ದರೆ ತಪ್ಪೇನು?

ಟೌರಿಯಲ್ ಮಾತ್ರ ಸಿನಿಮಾದವರೇ ಹುಟ್ಟಿಸಿದ ಪಾತ್ರ. ಅದಕ್ಕೂ ಕಾರಣ ಇದೆ. ಇಡೀ ಪುಸ್ತಕದಲ್ಲಿ ಬಿಲ್ಬೋನ ಅಮ್ಮನ ಹೆಸರು ಬಿಟ್ಟರೆ ಹೆಣ್ಣು ಪಾತ್ರ ಅಂತ ಹೇಳಿಕೊಳ್ಳುವ ಹಾಗೆ ಯಾರೂ ಇಲ್ಲ. ಒಬ್ಬಳು ಕಾವಲು ಪಡೆಯ ನಾಯಕಿ ಬಂದಳು, ಒಳ್ಳೆಯದೇ ಆಯಿತು. ಕೆಟ್ಟದ್ದು ಆಮೇಲೆ ಅಂಟಿಸಿದ ತ್ರಿಕೋನ ಪ್ರೇಮ. ನಟಿ ಇವಾಂಜಲಿನ್ ಲಿಲ್ಲಿ ಈ ಪಾತ್ರ ಒಪ್ಪಿದ್ದೇ ತ್ರಿಕೋನ ಪ್ರೇಮ ಇರಬಾರದು ಅನ್ನುವ ಷರತ್ತಿನ ಮೇಲೆ, ಮರುಶೂಟಿಂಗ್‌ಗೆ ಕರೆದಾಗ ಅದು ಬಂದು ಕೂತಿತ್ತು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ.

*

ಪ್ರಶ್ನೆ: ಆ ಬಿಳಿ ಓರ್ಕ್ ಅಝೋಗ್ ಮೂರು ಭಾಗದಲ್ಲೂ ಅಟ್ಟಿಸಿಕೊಂಡು ಬರುತ್ತಾನಲ್ಲ, ಪುಸ್ತಕದಲ್ಲೂ ಹಾಗೇನಾ? (ಬಳ್ಳಾರಿ)

ಪುಸ್ತಕದ ಲೆಕ್ಕದಲ್ಲಿ ಅವನು ಸತ್ತು ಆಗಲೇ 142 ವರ್ಷ ಆಗಿತ್ತು. ಕೊನೆಯ ಯುದ್ಧಕ್ಕೆ ಬರುವುದು ಅವನ ಮಗ ಬೋಲ್ಗ್.

ಆದರೂ ಇಲ್ಲಿ ನಾನು ಚಿತ್ರಕಥೆಗಾರರ ಪರ ಸ್ವಲ್ಪ ಮಾತಾಡುತ್ತೇನೆ. ಹಾಬಿಟ್ ರಾತ್ರಿ ಮಲಗುವಾಗ ಹೇಳುವ ಕಥೆಯ ಅಳತೆಯಲ್ಲಿ ಕಟ್ಟಿದ್ದು. ಇವತ್ತು ಟ್ರೋಲ್‌ಗಳು, ನಾಳೆ ಗಾಬ್ಲಿನ್‌ಗಳು, ನಾಡಿದ್ದು ಜೇಡಗಳು. ಒಂದೊಂದು ಅಧ್ಯಾಯಕ್ಕೆ ಒಂದೊಂದು ಗಂಡಾಂತರ, ಅಲ್ಲಲ್ಲೇ ಮುಗಿಯುತ್ತದೆ. ಮಕ್ಕಳಿಗೆ ಅದೇ ಚೆಂದ. ಥಿಯೇಟರ್‌ನಲ್ಲಿ ಎರಡೂವರೆ ಗಂಟೆ ಕೂತವನಿಗೆ ಹಾಗೆ ಬಿಡಿಬಿಡಿಯಾಗಿ ಕೊಟ್ಟರೆ ಎದ್ದು ಹೋಗುತ್ತಾನೆ. ಹಿಂದಿನಿಂದ ಯಾರೋ ಬರುತ್ತಿದ್ದಾನೆ ಅಂದರೆ ಎಲ್ಲ ಒಂದು ದಾರಕ್ಕೆ ಬರುತ್ತದೆ. ದಾರ ಬೇಕಿತ್ತು, ಒಪ್ಪುತ್ತೇನೆ. ಆದರೆ ಸಾಯದ ವಿಲನ್ ಮೂರು ವರ್ಷ ಮೂರು ಸಿನಿಮಾ ಎಳೆದರೆ ಅವನ ಭಯ ಹೋಗಿ ಪರಿಚಯ ಆಗಿಬಿಡುತ್ತದೆ.

*

ಪ್ರಶ್ನೆ: ಮೊದಲ ಭಾಗದಲ್ಲಿ ಗ್ಯಾಂಡಾಲ್ಫ್, ನಾವು ಐದು ಜನ ಮಾಂತ್ರಿಕರು, ಅದರಲ್ಲಿ ನೀಲಿ ಬಟ್ಟೆಯ ಇಬ್ಬರ ಹೆಸರು ಮರೆತೆ ಅಂತಾನೆ. ಅಷ್ಟು ತಿಳಿದವನು ಮರೆಯೋದಾ? (ಕಲಬುರಗಿ)

ಮರೆತದ್ದು ಅವನಲ್ಲ, ವಕೀಲರು ಮರೆಸಿದ್ದು! ಟೋಲ್ಕಿನ್ 1969ರಲ್ಲಿ ಸಿನಿಮಾ ಹಕ್ಕು ಮಾರಿದ್ದು ಹಾಬಿಟ್ ಮತ್ತು ಲಾರ್ಡ್ ಆಫ್ ದಿ ರಿಂಗ್ಸ್ ಎರಡಕ್ಕೆ ಮಾತ್ರ. ಆ ಇಬ್ಬರ ಹೆಸರು ಬರುವುದು ಅವರ ಮಗ ಕ್ರಿಸ್ಟೋಫರ್ 1980ರಲ್ಲಿ ಸಂಪಾದಿಸಿ ತಂದ ಬೇರೆ ಪುಸ್ತಕದಲ್ಲಿ. ಅದರ ಹಕ್ಕು ಸಿನಿಮಾದವರ ಹತ್ತಿರ ಇರಲಿಲ್ಲ. ಬಾಯಿ ಬಿಟ್ಟರೆ ಕೋರ್ಟು. ಹಾಗಾಗಿ ತಮಾಷೆ ಮಾಡಿ ತಪ್ಪಿಸಿಕೊಂಡರು.

ಗ್ಯಾಂಡಾಲ್ಫ್ ಕುಳ್ಳರಿಗೆ ಯಾಕೆ ಸಹಾಯ ಮಾಡಿದ, ಬಿಲ್ಬೋನನ್ನೇ ಯಾಕೆ ಆರಿಸಿದ ಅಂತ ಟೋಲ್ಕಿನ್ ಸೊಗಸಾಗಿ ಬರೆದದ್ದೂ ಅದೇ ಪುಸ್ತಕದಲ್ಲಿದೆ. ಪ್ರೀಕ್ವೆಲ್‌ಗೆ ಅದಕ್ಕಿಂತ ಒಳ್ಳೆ ಸಾಮಗ್ರಿ ಇಲ್ಲ. ಮುಟ್ಟುವ ಹಾಗಿರಲಿಲ್ಲ. ದೊಡ್ಡ ಕಾದಂಬರಿಯ ಕೊನೆಯ ಅನುಬಂಧಗಳಲ್ಲಿ ಸಿಕ್ಕ ನಾಲ್ಕಾರು ಪುಟದಿಂದಲೇ ಎಳೆ ತೆಗೆದು ಉಳಿದದ್ದನ್ನು ಹೆಣೆದರು.

*

ಪ್ರಶ್ನೆ: ಹದ್ದುಗಳನ್ನು ಮೊದಲೇ ಕರೆದಿದ್ದರೆ ಮೂರು ಸಿನಿಮಾ ಉಳಿಯುತ್ತಿತ್ತಲ್ಲ ಸ್ವಾಮಿ? (ದಾವಣಗೆರೆ)

ನನ್ನ ಈ ಸಂಚಿಕೆಯ ಸಂಭಾವನೆಯೂ ಉಳಿಯುತ್ತಿತ್ತು, ಸಂಪಾದಕರಿಗೆ! ಸಂಕಟಕ್ಕೆ ಸಿಕ್ಕವರನ್ನು ಎತ್ತಿಕೊಂಡು ಹಾರುವ ದೈತ್ಯ ಹದ್ದುಗಳ ಮಾತು ಇದು. ಪುಸ್ತಕದಲ್ಲಿ ಇದಕ್ಕೆ ಉತ್ತರ ಇದೆ. ಜನ ಇರುವ ಕಡೆ ನಾವು ಹಾರಲ್ಲ, ಕುರಿ ಕದಿಯೋಕೆ ಬಂದೆವು ಅಂತ ಬಾಣ ಬಿಡುತ್ತಾರೆ, ಬೇರೆ ಸಮಯದಲ್ಲಾದರೆ ಅವರು ಅಂದುಕೊಳ್ಳೋದು ಸರಿಯೇ ಅಂತ ಹದ್ದುಗಳ ದೊರೆ ಹೇಳುತ್ತಾನೆ. ಇಂಥ ಮಾತು ಸಿನಿಮಾದಲ್ಲಿ ಇಲ್ಲ. ಅಲ್ಲಿ ಹದ್ದುಗಳಿಗೆ ಬಾಯೇ ಇಲ್ಲ.

*

ಪ್ರಶ್ನೆ: ಅದೇ ಡೈರೆಕ್ಟರ್, ಅದೇ ಟೀಮ್, ಜಾಸ್ತಿ ದುಡ್ಡು. ಆದರೂ ಹಳೆಯ ಮೂರರ ಮ್ಯಾಜಿಕ್ ಯಾಕೆ ಬರಲಿಲ್ಲ? (ಹುಬ್ಬಳ್ಳಿ)

ಸಮಯ. ಹಳೆಯ ಮೂರಕ್ಕೆ ಶೂಟಿಂಗ್‌ಗೂ ಮೊದಲು ವರ್ಷಗಟ್ಟಲೆ ತಯಾರಿ ನಡೆದಿತ್ತು. ಹಾಬಿಟ್‌ಗೆ ಜಾಕ್ಸನ್ ಮೊದಲು ನಿರ್ದೇಶಕರೇ ಅಲ್ಲ. 2008ರಲ್ಲಿ ಮೆಕ್ಸಿಕೋದ ಗಿಲ್ಲೆರ್ಮೋ ಡೆಲ್ ಟೋರೋ ಬಂದರು. ಎರಡು ವರ್ಷ ಡ್ರ್ಯಾಗನ್ ಬಿಡಿಸಿದರು, ಊರುಗಳನ್ನು ಬಿಡಿಸಿದರು. ಅತ್ತ ಹಕ್ಕಿನಲ್ಲಿ ಪಾಲಿದ್ದ ಎಂಜಿಎಂ ಸ್ಟುಡಿಯೋ ಸಾಲದಲ್ಲಿ ಮುಳುಗಿತ್ತು, ಹಸಿರು ನಿಶಾನೆ ಬರಲೇ ಇಲ್ಲ. ಕಾದು ಕಾದು 2010ರ ಮೇ ತಿಂಗಳಲ್ಲಿ ಅವರು ಹೊರನಡೆದರು. ಅದೇ ವರ್ಷ ನಟರ ಸಂಘದ ಜತೆ ಜಗಳ, ಸಿನಿಮಾ ದೇಶ ಬಿಟ್ಟು ಹೋಗುತ್ತದೆ ಅನ್ನುವ ಭಯ, ಕೊನೆಗೆ ನ್ಯೂಜಿಲೆಂಡ್ ಸರ್ಕಾರ ಕಾರ್ಮಿಕ ಕಾನೂನನ್ನೇ ತಿದ್ದಿತು. ಒಂದು ಸಿನಿಮಾಕ್ಕಾಗಿ ಕಾನೂನು! ಇಷ್ಟೆಲ್ಲದರ ನಡುವೆ ಜಾಕ್ಸನ್ ಕುರ್ಚಿಗೆ ಬಂದರು, ಡೆಲ್ ಟೋರೋ ತಯಾರಿಯ ಹೆಚ್ಚಿನ ಪಾಲು ಬದಿಗಿಟ್ಟು ಮತ್ತೆ ಮೊದಲಿಂದ ಶುರು. ಮೂರನೇ ಭಾಗದ ಡಿಸ್ಕ್ ಜತೆ ಬಂದ ತೆರೆಮರೆಯ ವಿಡಿಯೋದಲ್ಲಿ ಅವರೇ ಹೇಳುತ್ತಾರೆ: ಕೈಯಲ್ಲಿ ಪೂರ್ತಿ ತಯಾರಿ ಇಲ್ಲದೆ ಸೆಟ್ಟಿಗೆ ಹೋಗಿ ಅಲ್ಲಲ್ಲೇ ಯೋಚಿಸಿ ತೆಗೆಯುತ್ತಿದ್ದೆ, ಯುದ್ಧದ ದೃಶ್ಯಗಳನ್ನು ಕೊನೆಗೆ ಮುಂದಕ್ಕೇ ಹಾಕಬೇಕಾಯಿತು ಅಂತ.

ಇನ್ನೊಂದು ಕಾರಣ ತಾಂತ್ರಿಕ. ಹಳೆಯ ಮೂರರಲ್ಲಿ ಎತ್ತರದ ಗ್ಯಾಂಡಾಲ್ಫ್, ಗಿಡ್ಡ ಹಾಬಿಟ್ ಒಟ್ಟಿಗೆ ಕಾಣೋಕೆ ಒಬ್ಬರನ್ನು ಕ್ಯಾಮೆರಾ ಹತ್ತಿರ, ಇನ್ನೊಬ್ಬರನ್ನು ದೂರ ಕೂರಿಸುವ ಉಪಾಯ ಇತ್ತು. ನಟರು ಒಂದೇ ಕಡೆ ಇರುತ್ತಿದ್ದರು. ತ್ರೀಡಿಯಲ್ಲಿ ಆ ಮೋಸ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಬಿಲ್ಬೋನ ಮನೆಯ ದೃಶ್ಯದಲ್ಲಿ ಕುಳ್ಳರು ಒಂದು ಸೆಟ್ಟಿನಲ್ಲಿ, ಗ್ಯಾಂಡಾಲ್ಫ್ ಪಾತ್ರದ ಇಯಾನ್ ಮೆಕೆಲನ್ ಒಬ್ಬರೇ ಹಸಿರು ಪರದೆಯ ಇನ್ನೊಂದು ಸೆಟ್ಟಿನಲ್ಲಿ. ಅವರ ಎದುರು ಕೋಲಿಗೆ ಸಿಕ್ಕಿಸಿದ ಕುಳ್ಳರ ಫೋಟೋಗಳು. ಯಾರು ಮಾತಾಡುತ್ತಿದ್ದಾರೋ ಅವರ ಫೋಟೋ ಪಕ್ಕ ಒಂದು ಚಿಕ್ಕ ದೀಪ ಹತ್ತುತ್ತದೆ, ಮಾತು ಕಿವಿಯಲ್ಲಿ ಕೇಳುತ್ತದೆ, ಇವರು ಆ ಫೋಟೋ ನೋಡಿ ನಟಿಸಬೇಕು. ಎಪ್ಪತ್ತು ದಾಟಿದ, ರಂಗಭೂಮಿಯಲ್ಲಿ ಬೆಳೆದ ನಟ. ನಾನು ನಟನಾದದ್ದು ಇದಕ್ಕಲ್ಲ ಅಂತ ಅತ್ತೇಬಿಟ್ಟರು. ಅವರ ಬೇಸರ ನೋಡಲಾಗದೆ ಟೀಮಿನವರು ಅವರ ಟೆಂಟನ್ನು ಹಳೆ ಸಿನಿಮಾದ ಸಾಮಾನುಗಳಿಂದ ಸಿಂಗರಿಸಿ ಸಮಾಧಾನ ಮಾಡಿದರು.

*

ಪ್ರಶ್ನೆ: ಮೊದಲ ಭಾಗವನ್ನು ಮಲ್ಟಿಪ್ಲೆಕ್ಸ್‌ನಲ್ಲಿ ಎಚ್‌ಎಫ್‌ಆರ್ ಅಂತ ನೋಡಿದೆ. ಟಿವಿ ಸೀರಿಯಲ್ ತರ ಕಂಡಿತು. ನನ್ನ ಕಣ್ಣೇ ಸರಿ ಇಲ್ವಾ? (ಬೆಂಗಳೂರು)

ಕಣ್ಣು ಸರಿ ಇದೆ. ಎಚ್‌ಎಫ್‌ಆರ್ ಅಂದರೆ ಹೈ ಫ್ರೇಮ್ ರೇಟ್. ಸಾಮಾನ್ಯವಾಗಿ ಸಿನಿಮಾ ಸೆಕೆಂಡಿಗೆ 24 ಚಿತ್ರ ಓಡುತ್ತದೆ, ಅವರು 48 ಓಡಿಸಿದರು. ಚಲಿಸುವಾಗ ಇರುವ ಸಣ್ಣ ಮಸುಕು ಹೋಯಿತು. ಆ ಮಸುಕೇ ನಮಗೆ ಸಿನಿಮಾ ಅನ್ನಿಸುವುದು. ಅದು ಹೋದ ಮೇಲೆ ಅಂಟಿಸಿದ ಗಡ್ಡ ಅಂಟಿಸಿದ್ದಾಗಿಯೇ ಕಾಣುತ್ತದೆ. ತಮಾಷೆ ಅಂದರೆ ಆ ಡಿಜಿಟಲ್ ತ್ರೀಡಿ ಕ್ಯಾಮೆರಾಗಳಿಗೆ ಬಣ್ಣ ಪೇಲವವಾಗಿ ಕಾಣುತ್ತಿತ್ತು. ಚರ್ಮ ಹಳದಿಯಾಗದಿರಲಿ ಅಂತ ನಟರ ಮುಖಕ್ಕೆ ಜಾಸ್ತಿ ಕೆಂಪು ಬಳಿದರು, ಕಾಡಿನ ಮರಗಳಿಗೆ ಜಾತ್ರೆಯ ಆಟಿಕೆಗಳ ಹಾಗೆ ಗಾಢ ಬಣ್ಣ ಹೊಡೆದರು.

*

ಪ್ರಶ್ನೆ: ನಮ್ಮ ‘ನಾಗರಹಾವು’ ಮೂರು ಕಾದಂಬರಿಯಿಂದ ಒಂದು ಸಿನಿಮಾ. ಇವರದ್ದು ಒಂದು ಕಾದಂಬರಿಯಿಂದ ಮೂರು. ಯಾವುದು ಕಷ್ಟ? (ಚಿತ್ರದುರ್ಗದಿಂದ, ಮತ್ತೆ ಎಲ್ಲಿಂದ?)

ಇಳಿಸುವುದು ಕಷ್ಟ, ಆದರೆ ಇಳಿಸುವವನು ಎಚ್ಚರವಾಗಿರುತ್ತಾನೆ. ಏನು ಬಿಡಬೇಕು ಅಂತ ಪ್ರತಿ ಪುಟದಲ್ಲೂ ತೀರ್ಮಾನ ಮಾಡಲೇಬೇಕು. ಪುಟ್ಟಣ್ಣ 1972ರಲ್ಲಿ ತರಾಸು ಅವರ ಮೂರು ಕಾದಂಬರಿಗಳನ್ನು ರಾಮಾಚಾರಿ ಒಬ್ಬನ ಸಿಟ್ಟಿನ ಸುತ್ತ ಕಟ್ಟಿದರು. ಆ ಸಿಟ್ಟಿಗೆ ಸಂಬಂಧ ಇಲ್ಲದ್ದು ಹೊರಗೆ ಹೋಯಿತು. ತರಾಸು ಅವರಿಗೆ ಸಮಾಧಾನ ಆಗಲಿಲ್ಲ, ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂದರು ಅಂತ ಇವತ್ತಿಗೂ ಹೇಳುತ್ತಾರೆ. ಬರೆದವರಿಗೆ ಅದನ್ನು ಹೇಳುವ ಹಕ್ಕು ಇದೆ. ಆದರೂ ನೋಡಿದವರಿಗೆ ಇದು ಯಾರ ಕಥೆ ಅನ್ನುವ ಅನುಮಾನ ಬರಲಿಲ್ಲ. ಹಾಬಿಟ್‌ನ ಮೂರನೇ ಭಾಗ ನೋಡಿ ಹೊರಬಂದವರನ್ನು ಕೇಳಿ, ಇದು ಯಾರ ಕಥೆ ಅಂತ. ಕುಳ್ಳರ ನಾಯಕ ಥೋರಿನ್ ಅಂತಾರೆ, ಡ್ರ್ಯಾಗನ್ ಕೊಂದ ಬಾರ್ಡ್ ಅಂತಾರೆ, ಟೌರಿಯಲ್ ಅಂತಾರೆ. ಬಿಲ್ಬೋ ನಾಲ್ಕನೆಯವನು.

*

ಪ್ರಶ್ನೆ: ‘ಕಾಂತಾರ’ಕ್ಕೂ ಪ್ರೀಕ್ವೆಲ್ ಬಂತಲ್ಲ, ಅದಕ್ಕೂ ಇದೇ ಮಾತಾ? (ಕುಂದಾಪುರ)

ಅಲ್ಲ. ಅಲ್ಲಿ 2022ರ ಸಿನಿಮಾಕ್ಕೂ ಮೊದಲು ಒಂದು ಪುಸ್ತಕ ಇರಲಿಲ್ಲ. ಹಿಂದಿನ ಕಾಲ ಹೀಗಿತ್ತು ಅಂತ ಹೇಳುವ ಸ್ವಾತಂತ್ರ್ಯ ಪೂರ್ತಿ ಅವರದ್ದೇ. ಒಪ್ಪುವುದು ಬಿಡುವುದು ನಮ್ಮದು. ಆಗಲೇ ಬರೆದು, ಮೂರು ತಲೆಮಾರು ಓದಿದ ಕಥೆಯನ್ನು ಪ್ರೀಕ್ವೆಲ್ ಮಾಡುವಾಗ ಅಷ್ಟು ಸ್ವಾತಂತ್ರ್ಯ ಇರೋದಿಲ್ಲ.

*

ಪ್ರಶ್ನೆ: ಬರೀ ಬೈದಿರಿ ಅಂತ ಆಗಬಾರದು. ಮೂರರಲ್ಲಿ ನಿಮಗೆ ನಿಜವಾಗಿ ಇಷ್ಟವಾದ ಒಂದೇ ದೃಶ್ಯ? (ಶಿವಮೊಗ್ಗ)

ಗುಹೆಯ ಒಗಟುಗಳು. ಬಿಲ್ಬೋ ಆದ ಮಾರ್ಟಿನ್ ಫ್ರೀಮನ್ ಮತ್ತು ಗೊಲ್ಲಮ್ ಆದ ಆಂಡಿ ಸರ್ಕಿಸ್ ಇಬ್ಬರೇ. ಇಡೀ ಸರಣಿಯಲ್ಲಿ ಮೊದಲು ಶೂಟ್ ಮಾಡಿದ್ದೂ ಇದನ್ನೇ, ಚಿಕ್ಕ ಚಿಕ್ಕ ತುಂಡು ಮಾಡದೆ ನಾಟಕದ ಹಾಗೆ ಉದ್ದಕ್ಕೆ ಆಡಿಸಿ ತೆಗೆದರು. ಸೈನ್ಯ ಇಲ್ಲ, ಹಾರಾಟ ಇಲ್ಲ. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಜೀವಭಯ, ನಡುವೆ ಮಕ್ಕಳ ಒಗಟು. ಕೊನೆಯಲ್ಲಿ ಬಿಲ್ಬೋ ಮಾಯವಾಗಿ ಗೊಲ್ಲಮ್‌ನ ಹಿಂದೆ ನಿಂತಿದ್ದಾನೆ, ಕತ್ತಿ ಕುತ್ತಿಗೆಯ ಹತ್ತಿರ ಇದೆ. ಹೊಡೆದರೆ ದಾರಿ ಸಲೀಸು. ಗೊಲ್ಲಮ್ ಈ ಕಡೆ ತಿರುಗುತ್ತಾನೆ, ಆ ಕಣ್ಣಿನಲ್ಲಿ ಬರೀ ಕಳೆದುಕೊಂಡ ಸಂಕಟ. ಫ್ರೀಮನ್ ಮುಖದಲ್ಲಿ ಒಂದು ಮಾತೂ ಇಲ್ಲದೆ ಎಲ್ಲ ನಡೆದುಹೋಗುತ್ತದೆ. ಕತ್ತಿ ಕೆಳಗಿಳಿಯುತ್ತದೆ. ಅವನು ಗೊಲ್ಲಮ್‌ನ ಮೇಲೆ ಹಾರಿ ಓಡುತ್ತಾನೆ.

ಆ ಕರುಣೆಯಿಂದಲೇ ಮುಂದಿನ ದೊಡ್ಡ ಕಥೆ ನಡೆಯುವುದು. ಗೊಲ್ಲಮ್ ಅಲ್ಲೇ ಸತ್ತಿದ್ದರೆ ಕೊನೆಯಲ್ಲಿ ಉಂಗುರ ನಾಶ ಆಗುತ್ತಿರಲಿಲ್ಲ. ಗಮನಿಸಿ, 1937ರ ಪುಸ್ತಕದಲ್ಲಿ ಈ ಕ್ಷಣ ಇರಲೇ ಇಲ್ಲ. ಅಲ್ಲಿ ಗೊಲ್ಲಮ್ ದಾರಿ ತೋರಿಸಿ ಕಳಿಸಿಕೊಡುತ್ತಾನಲ್ಲ, ಕತ್ತಿ ಎತ್ತುವ ಮಾತೇ ಬರೋದಿಲ್ಲ. 1951ರ ತಿದ್ದುಪಡಿಯಲ್ಲಿ ಟೋಲ್ಕಿನ್ ಸೇರಿಸಿದ್ದು ಇದು. ಅಂದರೆ ಹಾಬಿಟ್ ಅನ್ನು ಪ್ರೀಕ್ವೆಲ್ ಮಾಡುವ ಕೆಲಸವನ್ನು ಅವರು ಒಂದು ಅಧ್ಯಾಯದಲ್ಲಿ, ಒಂದು ಜಿಗಿತದಲ್ಲಿ ಮುಗಿಸಿದ್ದರು. ಉಳಿದ ಪುಸ್ತಕವನ್ನು ಅದರ ಪಾಡಿಗೆ ಬಿಟ್ಟಿದ್ದರು. ಜಾಕ್ಸನ್ ಆ ದೃಶ್ಯವನ್ನು ಅಷ್ಟು ಚೆನ್ನಾಗಿ ತೆಗೆದು, ಇಷ್ಟು ಸಾಲದು ಅಂತ ಯಾಕೆ ಅಂದುಕೊಂಡರೋ ಅಂತ ನನಗೆ ಈಗಲೂ ಅನ್ನಿಸುತ್ತದೆ.

*

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಮೊದಲು ಸಿನಿಮಾ ತೋರಿಸಲಾ, ಪುಸ್ತಕ ಓದಿಸಲಾ? (ಧಾರವಾಡದ ತಾಯಿ)

ಪುಸ್ತಕ ನೀವೇ ಜೋರಾಗಿ ಓದಿ ಹೇಳಿ ಅಮ್ಮ. ಇಂಗ್ಲಿಷ್ ಓದುತ್ತಾ ಅಲ್ಲಲ್ಲೇ ಕನ್ನಡದಲ್ಲಿ ಹೇಳಿಕೊಂಡು ಹೋದರೂ ಆಗುತ್ತದೆ, ಆ ನಿರೂಪಕನ ಹರಟೆ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅಧ್ಯಾಯಗಳು ಉದ್ದ ಅನ್ನಿಸಿದರೆ ಅರ್ಧರ್ಧ ಓದಿ. ಜೇಡಗಳ ಅಧ್ಯಾಯವನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಒಗಟುಗಳು ಬಂದಾಗ ಉತ್ತರ ತಕ್ಷಣ ಹೇಳದೆ ಅವನನ್ನು ಕೇಳಿ, ನಮ್ಮ ಕಡೆಯ ಒಂದೆರಡು ಒಗಟನ್ನೂ ಸೇರಿಸಿಬಿಡಿ.

ಸಿನಿಮಾ ಆಮೇಲೆ. ಮೊದಲ ಭಾಗ ನೀವು ಪಕ್ಕದಲ್ಲಿ ಕೂತು ತೋರಿಸಬಹುದು, ಒಂದೆರಡು ಕಡೆ ತಲೆ ಉರುಳುತ್ತದೆ, ರಿಮೋಟ್ ಕೈಯಲ್ಲಿರಲಿ. ಎರಡನೇ ಭಾಗದಲ್ಲಿ ಬಿಲ್ಬೋ ಮತ್ತು ಡ್ರ್ಯಾಗನ್ ಮಾತಾಡುವ ದೃಶ್ಯ ತಪ್ಪಿಸಬೇಡಿ, ಚಿನ್ನದ ಗುಡ್ಡೆ ಜಾರಿ ಕಣ್ಣು ತೆರೆಯುವುದನ್ನು ಅವನು ದೊಡ್ಡ ಪರದೆಯಲ್ಲಿ ನೋಡಿದರೆ ಇನ್ನೂ ಚೆನ್ನ. ಮೂರನೆಯದು ಈಗ ಬೇಡ. ಅದರ ಉದ್ದನೆಯ ಆವೃತ್ತಿಗೆ ಹಿಂಸೆ ಜಾಸ್ತಿ ಅಂತ ಅಮೆರಿಕದಲ್ಲಿ ಆರ್ ರೇಟಿಂಗ್ ಕೊಟ್ಟಿದ್ದಾರೆ, ಅಂದರೆ ಹದಿನೇಳರ ಒಳಗಿನವರು ದೊಡ್ಡವರ ಜತೆಗೇ ನೋಡಬೇಕು. ಮಕ್ಕಳ ಪುಸ್ತಕದಿಂದ ತೆಗೆದ ಸಿನಿಮಾಕ್ಕೆ!